ಸಾಕ್ಷಿಗೆ ಹೊಸ ಬುದ್ಧಿ

ಡ್ಯಾಶ್ ಕ್ಯಾಮ್ ಎಂಬುದು ನಾವು ದುಡ್ಡು ಕೊಟ್ಟು ಇಟ್ಟುಕೊಳ್ಳುವ ಸಾಕ್ಷಿ. ಅಡ್ಡ ಬಂದು ಗುದ್ದಿದವನೇ ಇಳಿದು ಬಂದು ‘ಕಣ್ಣು ಕಾಣಲ್ವೇನ್ರೀ’ ಎಂದು ದಬಾಯಿಸುವ ಬೆಂಗಳೂರಿನಲ್ಲಿ ಗಾಜಿಗೆ ಇಂಥದೊಂದು ಅಂಟಿಕೊಂಡಿದ್ದರೆ ಧೈರ್ಯ. ಆದರೆ ಸಾಕ್ಷಿಗೂ ಆಗಾಗ ಬುದ್ಧಿ ತುಂಬಬೇಕಂತೆ. ಅದೇ ಫರ್ಮ್‌ವೇರ್ ಅಪ್‌ಡೇಟ್.

ಹೊಸದರಲ್ಲಿ ಏನಿದೆಯಪ್ಪಾ ಎಂದರೆ ಕಂಪನಿಯವರದು ಒಂದೇ ಸಾಲು: ಕೆಲವು ದೋಷಗಳನ್ನು ಸರಿಪಡಿಸಲಾಗಿದೆ. ಯಾವ ದೋಷ, ಇಷ್ಟು ದಿನ ಅದು ನನ್ನ ಕಾರಿನಲ್ಲಿ ಕೂತು ಏನು ಮಾಡುತ್ತಿತ್ತು, ಹೇಳುವುದಿಲ್ಲ. ಗೊತ್ತಿಲ್ಲದ ದೋಷ ಗೊತ್ತಾದ ಮೇಲೆ ಸುಮ್ಮನಿರುವುದುಂಟೆ?

ಈ ಅಪ್‌ಡೇಟಿನ ಮಡಿ ನಮ್ಮಜ್ಜಿಯ ಮಡಿಗಿಂತ ಬಿಗಿ. ಕ್ಯಾಮೆರಾದ ಮೆಮೊರಿ ಕಾರ್ಡು ಫ್ಯಾಟ್ 32 ಬಗೆಯಲ್ಲೇ ಫಾರ್ಮ್ಯಾಟ್ ಆಗಬೇಕು. 32 ಜಿಬಿಗಿಂತ ದೊಡ್ಡ ಕಾರ್ಡಿಗೆ ನನ್ನ ಲ್ಯಾಪ್‌ಟಾಪಿನ ವಿಂಡೋಸ್ ಆ ಆಯ್ಕೆಯನ್ನೇ ತೋರಿಸದು. ಹಾಗಾಗಿ ಹಳೇ ಫೋನಿನ ಪುಟ್ಟ ಕಾರ್ಡಿಗಾಗಿ ಡ್ರಾಯರುಗಳ ಶೋಧ. ಡೌನ್‌ಲೋಡ್ ಮಾಡಿದ ಅಪ್‌ಡೇಟ್ ಫೈಲು ಯಾವ ಫೋಲ್ಡರಿನೊಳಗೂ ಅವಿತಿರಕೂಡದು. ಹೆಸರಂತೂ ಒಂದಕ್ಷರ ಬದಲಾಗಕೂಡದು. ಎರಡನೇ ಸಲ ಡೌನ್‌ಲೋಡ್ ಮಾಡಿದರೆ ಬ್ರೌಸರು ಹೆಸರಿನ ಬಾಲಕ್ಕೆ ಆವರಣದಲ್ಲೊಂದು ‘1’ ಅಂಟಿಸುತ್ತದೆ. ಅಷ್ಟಕ್ಕೇ ಕ್ಯಾಮೆರಾ ‘ಇವರ್ಯಾರೋ’ ಎಂಬಂತೆ ಮುಖ ತಿರುಗಿಸುತ್ತದೆ.

ಕೊನೆಗೆ ಕೆಂಪು ದೀಪ ಮಿಣುಕತೊಡಗಿದರೆ ಕೀಲಿಕೈ ಮುಟ್ಟುವಂತಿಲ್ಲ. ನಡುವೆ ಕರೆಂಟು ತಪ್ಪಿದರೆ ಕ್ಯಾಮೆರಾ ಮತ್ತೆ ಏಳದೇ ಹೋದೀತು. ಬೇಸ್‌ಮೆಂಟಿನಲ್ಲಿ ಸ್ಟಿಯರಿಂಗ್ ಹಿಡಿದು ದೀಪವನ್ನೇ ದಿಟ್ಟಿಸುತ್ತ ಕೂತವನನ್ನು ನೋಡಿ ವಾಚ್‌ಮನ್ ಬಂದ. “ಬ್ಯಾಟರಿ ಇಳೀತಾ ಸಾರ್? ತಳ್ಳಲಾ?”

ಹೊಸ ಬುದ್ಧಿ ಬಂದ ಕ್ಯಾಮೆರಾ ಹಳೆಯದನ್ನೆಲ್ಲ ಮರೆತಿರುತ್ತದೆ. ಯಾವುದೋ ಕಾಲದ ಜನವರಿ 1ನೇ ತಾರೀಖು ತೋರಿಸುತ್ತ ಕೂರುತ್ತದೆ. ಅಪಘಾತ ಇಂದು, ತಾರೀಖು ಕಾರು ಹುಟ್ಟುವುದಕ್ಕೂ ಮುಂಚಿನದು ಎಂದರೆ ವಿಮೆಯವರು ನಂಬುತ್ತಾರೆಯೆ? ಗಡಿಯಾರವನ್ನು ನಮ್ಮ ಭಾರತೀಯ ಕಾಲಮಾನಕ್ಕೆ ತಂದು ನಿಲ್ಲಿಸಬೇಕು. ಧಕ್ಕೆ ಅಳೆಯುವ ಸೆನ್ಸರಿನದು ಇನ್ನೊಂದು ಕಥೆ. ಜೋರಾಗಿ ಕುಲುಕಿದರೆ ಅಪಘಾತವೆಂದು ಬಗೆದು ಆ ವಿಡಿಯೊ ಅಳಿಯದಂತೆ ಬೀಗ ಹಾಕುವುದು ಅದರ ಕೆಲಸ. ಕಂಪನಿ ಇಟ್ಟ ಅಳತೆಯಲ್ಲೇ ಬಿಟ್ಟರೆ ನಮ್ಮ ರಸ್ತೆಯಲ್ಲಿ ಪ್ರತಿ ಹಂಪೂ ಅಪಘಾತ, ಪ್ರತಿ ಗುಂಡಿಯೂ ಮಹಾ ಅಪಘಾತ. ಹಾಗೆ ನೋಡಿದರೆ, 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನ ಆಕಾಶದಲ್ಲಿ ಉಲ್ಕೆ ಸಿಡಿದದ್ದನ್ನು ಹಿಡಿದದ್ದು ಇಂಥ ಕ್ಯಾಮೆರಾಗಳೇ. ಆ ವಿಡಿಯೊಗಳ ನೆರವಿನಿಂದ ವಿಜ್ಞಾನಿಗಳು ಅದು ಬಂದ ಹಾದಿಯನ್ನು ಲೆಕ್ಕ ಹಾಕಿದರು. ನನ್ನ ಕಾರ್ಡಿನಲ್ಲಿ ಹಂಪುಗಳಿವೆ.

ಇದೆಲ್ಲ ಸರಿಮಾಡಬಹುದು. ಯಾರ ಗಮನಕ್ಕೂ ಬಾರದ್ದು ಮೈಕು. ಅಪ್‌ಡೇಟ್ ಆದೊಡನೆ ಸದ್ದಿಲ್ಲದೆ ಆನ್ ಆಗಿರುತ್ತದೆ. ನನ್ನ ಷಡ್ಡಕರ ಕಾರಿಗೆ ಆಟೊ ತಾಗಿದಾಗ ಹತ್ತು ಜನರ ಮುಂದೆ ಠೀವಿಯಿಂದ ವಿಡಿಯೊ ಹಾಕಿದರು. ಚಿತ್ರದಲ್ಲಿ ತಪ್ಪು ಆಟೊದವನದೇ. ಧ್ವನಿಯಲ್ಲಿ ಮಾತ್ರ ನನ್ನ ನಾದಿನಿ: “ಫೋನ್ ಕೆಳಗಿಡ್ರೀ, ಮುಂದೆ ನೋಡ್ರೀ!” ಸಾಕ್ಷಿ ಅಲ್ಲೇ ತಿರುಗಿಬಿತ್ತು. ಆಟೊದವನು “ಇನ್ನೊಂದ್ಸಲ ಹಾಕಿ ಸಾರ್” ಎಂದನಂತೆ.

ಮೊನ್ನೆ ಅವರ ಕ್ಯಾಮೆರಾ ಅಪ್‌ಡೇಟ್ ಮಾಡಿಕೊಡಲು ಹೋಗಿದ್ದೆ. “ಮೊದಲು ಆ ಮೈಕ್ ಆಫ್ ಮಾಡಿ” ಎಂದರು ಷಡ್ಡಕರು. ಕಾಫಿ ತಂದ ನಾದಿನಿ ತಡೆದಳು: “ಇರ್ಲಿ ಬಿಡಿ ಭಾವ. ಈ ಮನೇಲಿ ನನ್ನ ಮಾತು ಕೇಳಿಸ್ಕೊಳ್ಳೋದು ಅದೊಂದೇ.”