ಹಿಡಿ ಮೀಮಾಂಸೆ ಅಥವಾ ಅಂಗೈಗೊಪ್ಪುವ ಪಿಸ್ತೂಲಿನ ಲಕ್ಷಣ ನಿರ್ಣಯ

ಪರಿಭಾಷಾ ಪ್ರಕರಣ

ಕನ್ನಡದ ‘ಹಿಡಿ’ ಎಂಬ ಎರಡಕ್ಷರದ ಪದಕ್ಕೆ ಕನಿಷ್ಠ ನಾಲ್ಕು ಅರ್ಥಗಳಿದ್ದು, ಆಯುಧದ ಹಿಡಿಕೆ ಮೊದಲನೆಯದು, ಮುಷ್ಟಿಯಲ್ಲಿ ತುಂಬುವಷ್ಟು ಕಾಳು ಎರಡನೆಯದು, ಬಿಡದೆ ಬಿಗಿಯುವ ಕ್ರಿಯೆ ಮೂರನೆಯದು, ಪೊಲೀಸರು ಬಂದು ಮಾಡುವ ಕೆಲಸ ನಾಲ್ಕನೆಯದು. ಪಿಸ್ತೂಲು ಕೊಳ್ಳಹೊರಟವರು ಮೊದಲನೆಯ ಅರ್ಥದಲ್ಲೇ ಮೈಮರೆತು ಉಳಿದ ಮೂರನ್ನು ಕಡೆಗಣಿಸುವುದರಿಂದ, ಪ್ರಸ್ತುತ ಪ್ರಬಂಧವು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಅಂಗೈಗಳನ್ನು ಆಧಾರವಾಗಿಟ್ಟುಕೊಂಡು ನಾಲ್ಕನ್ನೂ ವಿವೇಚಿಸುತ್ತದೆ. ಈ ಜಿಲ್ಲೆಯ ಭೀಮಾ ತೀರ ಎಂದೊಡನೆ ಬೆಂಗಳೂರಿನ ಸಿನಿಮಾ ಪ್ರೇಕ್ಷಕನ ಕಣ್ಣಿಗೆ ಪಿಸ್ತೂಲು ಕಾಣುತ್ತದೆ, ಆ ತೀರದಲ್ಲೇ ಬಾಳುವವರ ಕಣ್ಣಿಗೆ ಬಿಳಿಜೋಳ ಕಾಣುತ್ತದೆ. ಈ ದೃಷ್ಟಿಭೇದದ ಪರಿಹಾರಕ್ಕೆ ಇದಕ್ಕಿಂತ ಯೋಗ್ಯವಾದ ಕ್ಷೇತ್ರ ಸಿಗಲಾರದು.

ಲಕ್ಷಣ ಪ್ರಕರಣ

ಕೈಬಂದೂಕು ಎಂದರೆ ಹೆಗಲಿನ ಆಸರೆಯಿಲ್ಲದೆ ಕೈಯಲ್ಲೇ ಹಿಡಿದು ಹಾರಿಸಬಹುದಾದ ಬಂದೂಕು; ಅದರ ಕಾಡತೂಸುಗಳು ತಿರುಗುವ ಉರುಳೆಯಲ್ಲಿ ಕೂತಿದ್ದರೆ ರಿವಾಲ್ವರ್, ಹಿಡಿಯೊಳಗೆ ತೂರಿಸಿದ ಮ್ಯಾಗಜಿನ್ ಎಂಬ ಡಬ್ಬಿಯಲ್ಲಿ ಒಂದರ ಮೇಲೊಂದು ಕೂತಿದ್ದರೆ ಪಿಸ್ತೂಲು. ಪಿಸ್ತೂಲಿನ ಹಿಡಿ ಹೀಗೆ ಬಸಿರು ಹೊತ್ತಿರುವುದರಿಂದ ಅದನ್ನು ಬಯಸಿದಷ್ಟು ಸಣ್ಣದಾಗಿಸಲು ಬರುವುದಿಲ್ಲ. ರಿವಾಲ್ವರಿನ ಹಿಡಿಗೆ ಆ ಭಾರ ಇಲ್ಲದ್ದರಿಂದ ಅಕ್ಕಪಕ್ಕದ ಪಟ್ಟಿಗಳನ್ನು ಬದಲಿಸಿ ಅಂಗೈಗೆ ಒಗ್ಗಿಸಬಹುದು.

ಹಿಡಿ ಒಪ್ಪಿತೆಂದು ತಿಳಿಯುವುದಕ್ಕೆ ಬಲ್ಲವರು ಮೂರು ಲಕ್ಷಣಗಳನ್ನು ಹೇಳುತ್ತಾರೆ: ಹೆಬ್ಬೆರಳು ತೋರುಬೆರಳುಗಳ ನಡುವಿನ ಸಂದು ಹಿಡಿಯ ಹಿಂಬದಿಯ ನೆತ್ತಿಗೆ ತಾಗಿ ಕೂರಬೇಕು, ಹಾಗೆ ಕೂತಾಗ ತೋರುಬೆರಳಿನ ತುದಿಯ ಮೆತ್ತನೆಯ ಭಾಗ ಚಾಚಿ ತಿಣುಕದೆ ಟ್ರಿಗರನ್ನು ಮುಟ್ಟಬೇಕು, ಕಿರುಬೆರಳು ಜಾಗ ಸಿಗದೆ ಕೆಳಗೆ ತೂಗಾಡಬಾರದು. ಸಂತೆಯ ದಿನ ಬಸ್ಸಿನ ಬಾಗಿಲಲ್ಲಿ ಜೋತಾಡಿದವರಿಗೆ ಮೂರನೆಯ ಲಕ್ಷಣವನ್ನು ಬೇರೆ ವಿವರಿಸಬೇಕಾಗಿಲ್ಲ. ಈ ಮೂರೂ ಕೂಡಿದಾಗ ಮಾತ್ರ ಹಿನ್ನೊದೆತ, ಎಂದರೆ ಗುಂಡು ಮುಂದಕ್ಕೆ ಹೋಗುವಾಗ ಬಂದೂಕು ಹಿಂದಕ್ಕೆ ಕೊಡುವ ಗುದ್ದು, ಹೆಬ್ಬೆರಳಿನ ಬುಡವೊಂದಕ್ಕೇ ಬೀಳದೆ ಅಂಗೈಯ ತುಂಬ ಹಂಚಿಹೋಗುತ್ತದೆ.

ಅಂಗೈ ಪ್ರಕರಣ

ಲಕ್ಷಣ ತಿಳಿದಮೇಲೆ ಅಂಗೈಗಳ ವರ್ಗೀಕರಣ ಮಾಡಬೇಕಾಗುತ್ತದೆ. ಇಂಡಿಯ ಅಂಗೈ ನಿಂಬೆಯ ಅಂಗೈ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಆ ಹಣ್ಣನ್ನು ಮುಳ್ಳುಗಳ ನಡುವಿನಿಂದ ಬಿಡಿಸುವ ಕೈ ಯಾವುದನ್ನೂ ಗಬಕ್ಕನೆ ಹಿಡಿಯುವುದಿಲ್ಲ. ಸಿಂದಗಿಯದು ಹತ್ತಿ ಬಿಡಿಸುವ ಅಂಗೈ, ಅದರ ಬಲವೆಲ್ಲ ಬೆರಳ ತುದಿಯಲ್ಲಿ. ಮುದ್ದೇಬಿಹಾಳದ್ದು ತೊಗರಿ ಕೊಯ್ಯುವ ಅಂಗೈ, ಅದರ ಬಲವೆಲ್ಲ ಮಣಿಕಟ್ಟಿನಲ್ಲಿ. ಹೆಸರಿನಲ್ಲೇ ಬಸವನಿರುವ ಬಾಗೇವಾಡಿಯದು ಮೂಗುದಾರದ ಅಂಗೈ. ಎಳೆದರೆ ಎತ್ತು ನಿಲ್ಲುತ್ತದೆ, ಸಡಿಲಿಸಿದರೆ ನಡೆಯುತ್ತದೆ ಎಂಬ ನಿಯಮಕ್ಕೆ ಪಳಗಿದ ಆ ಕೈಗೆ, ಎಳೆದೊಡನೆ ಗುಂಡು ಹಾರಿಸುವ ಟ್ರಿಗರ್ ಸೃಷ್ಟಿಕ್ರಮಕ್ಕೇ ವಿರುದ್ಧವಾದ ವಸ್ತುವಾಗಿ ತೋರುತ್ತದೆ. ಹಿಂಗಾರಿ ಜೋಳದ ದಂಟನ್ನು ಬೇರುಸಹಿತ ಕಿತ್ತು ಗಳಿಸಿದ ಜಡ್ಡು ಮಾತ್ರ ನಾಲ್ಕೂ ವರ್ಗಗಳಿಗೆ ಸಮಾನ ಲಕ್ಷಣ; ಹಿಡಿ ಜಾರದಿರಲೆಂದು ಕಾರ್ಖಾನೆಯವರು ಅದರ ಮೇಲೆ ಕೊರೆಯುವ ಅಡ್ಡಗೆರೆಗಳನ್ನು ಇಲ್ಲಿ ದೇವರೇ ಅಂಗೈಯ ಮೇಲೆ ಕೊರೆದಿಟ್ಟಿದ್ದಾನೆ.

ಹೋಲಿಕೆಗಾಗಿ ಕಳೆ ತೆಗೆಯುವ ಕುರಚಗಿಯ ಹಿಡಿಯನ್ನು ಹತ್ತಿರದಿಂದ ನೋಡಬಹುದು. ಬಡಿಗ ಕೊಟ್ಟಾಗ ಸಾದಾ ಗುಂಡಗಿದ್ದ ಕಟ್ಟಿಗೆ, ಹತ್ತಾರು ಹಂಗಾಮಿನ ಬೆವರು ಕುಡಿದು ಕಪ್ಪಾಗಿ, ಹೆಬ್ಬೆರಳು ಒತ್ತುವಲ್ಲಿ ತಗ್ಗು ಬಿದ್ದು, ಕಿರುಬೆರಳು ಸುತ್ತುವಲ್ಲಿ ಸವೆದು, ಕೊನೆಗೆ ಒಬ್ಬಳ ಕೈಗಲ್ಲದೆ ಇನ್ನೊಬ್ಬಳ ಕೈಗೆ ಒಗ್ಗದ ಸ್ಥಿತಿಗೆ ಬಂದಿರುತ್ತದೆ. ದಿನವೂ ದುಡಿಯುವ ಹಿಡಿ ಕೈಯನ್ನು ಕಲಿಯುತ್ತದೆ. ಸೊಂಟದಲ್ಲಿ ಕೂರುವ ಹಿಡಿಗೆ ಕೈಯೇ ಕಲಿಯಬೇಕಾಗುತ್ತದೆ. ಪಿಸ್ತೂಲಿನ ಹಿಡಿ ಸವೆದಿದ್ದರೆ ಅದು ಒಡೆಯನ ಪ್ರಾವೀಣ್ಯಕ್ಕಿಂತ ಹೆಚ್ಚಾಗಿ ಅಂಗಿಯ ಅಂಚಿಗೆ ಸಾಕ್ಷಿಯಾಗಿರುತ್ತದೆ.

ಪರವಾನಗಿ ಪ್ರಕರಣ

ಇಲ್ಲಿಂದ ಮುಂದೆ ಹಿಡಿಯ ಸುಖವನ್ನು ಅಂಗೈಗಿಂತ ಕಚೇರಿಯೇ ನಿರ್ಣಯಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಪರವಾನಗಿ ಮೊದಲು, ಆಯುಧ ಆಮೇಲೆ. ಅರ್ಜಿ ಹಾಕಿ, ಪೊಲೀಸರ ವರದಿ ಬಂದು, ಆಯುಧ ಬಳಕೆಯ ತರಬೇತಿಯ ಪ್ರಮಾಣಪತ್ರವೂ ಸೇರಿ, ಜಿಲ್ಲಾಧಿಕಾರಿಯ ಸಹಿ ಬೀಳುವವರೆಗೆ ಅರ್ಜಿದಾರನ ಅಂಗೈ ಕಲ್ಪನೆಯ ಹಿಡಿಯನ್ನೇ ಹಿಡಿದಿರಬೇಕು. 2019ರ ತಿದ್ದುಪಡಿ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಮನುಷ್ಯನಿಗೆ ಅಂಗೈಗಳು ಎರಡೇ ಎಂಬ ಶಾರೀರಿಕ ಸತ್ಯವನ್ನು ಸಂಸತ್ತು ಅರವತ್ತು ವರ್ಷಗಳ ಬಳಿಕ ಗುರುತಿಸಿದ್ದು ಶ್ಲಾಘನೀಯ. ಅದೇ ತಿದ್ದುಪಡಿಯಂತೆ ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದಾದ್ದರಿಂದ, ಬೀಗರೆದುರು ಹಿಡಿಯ ಸುಖ ಪ್ರದರ್ಶಿಸುವ ಶಾಖೆಯೂ ಬಹುಮಟ್ಟಿಗೆ ಮುಚ್ಚಿಹೋಗಿದೆ.

ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಮಹಿಳೆಯರ ಕೈಗೆ ಹಗುರಾಗಲೆಂದು ಸುಮಾರು ಅರ್ಧ ಕಿಲೋ ತೂಕದಲ್ಲಿ ತಯಾರಿಸಿ, ಬೆಲೆಯನ್ನು ಮಾತ್ರ ಲಕ್ಷಕ್ಕಿಂತ ಭಾರವಾಗಿ ಇಟ್ಟಿತು. ನಸುಕಿನಲ್ಲೆದ್ದು ಬುಟ್ಟಿತುಂಬ ರೊಟ್ಟಿ ಬಡಿಯುವ ಕೈಗೆ ಅರ್ಧ ಕಿಲೋ ಹೆಚ್ಚೆಂದು ಕಾರ್ಖಾನೆಗೆ ಯಾರು ಹೇಳಿದರೋ ತಿಳಿಯದು. ಆ ಕೈಗೆ ಬೇಕಾಗಿದ್ದುದು ಬೆಲೆಯಲ್ಲಿನ ಹಗುರ.

ದಾಖಲಾಗುವ ಪ್ರಕರಣ

ಪೂರ್ವಪಕ್ಷದವರು, ಎಂದರೆ ಸಿದ್ಧಾಂತಕ್ಕೆ ಮೊದಲೇ ಆಕ್ಷೇಪ ಎತ್ತುವವರು, ಇಷ್ಟೆಲ್ಲ ಕಾಗದದ ರಗಳೆಯಿಲ್ಲದೆ ಕಂಟ್ರಿ ಪಿಸ್ತೂಲು ಸಿಗುವಾಗ ಮೀಮಾಂಸೆ ಏಕೆ ಎಂದು ಕೇಳಬಹುದು. ಕಂಟ್ರಿ ಪಿಸ್ತೂಲು ಎಂದರೆ ಗುಟ್ಟಾಗಿ ತಯಾರಾಗಿ ಗುಟ್ಟಾಗಿ ಕೈಬದಲಾಗುವ ಕಳ್ಳ ಆಯುಧ. ಅದು ಎದುರಿಗಿದ್ದವನ ಕಡೆ ಹಾರುತ್ತದೋ ಹಿಡಿದವನ ಕೈಯಲ್ಲೇ ಸಿಡಿಯುತ್ತದೋ ಎಂಬ ಪ್ರಶ್ನೆಗೆ ಅದನ್ನು ಮಾಡಿದವನ ಬಳಿಯೂ ಉತ್ತರವಿರುವುದಿಲ್ಲ. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡವನಿಗೆ ಈಗ ಕಡಿಮೆಯೆಂದರೆ 2 ವರ್ಷ, ಹೆಚ್ಚೆಂದರೆ 5 ವರ್ಷ ಸೆರೆವಾಸ ಇರುವುದರಿಂದ, ಇಲ್ಲಿ ‘ಹಿಡಿ’ ತನ್ನ ನಾಲ್ಕನೆಯ ಅರ್ಥವನ್ನೂ, ಶಾಸ್ತ್ರಗ್ರಂಥದ ಅಧ್ಯಾಯವೆಂದಿದ್ದ ‘ಪ್ರಕರಣ’ ತನ್ನ ಎರಡನೆಯ ಅರ್ಥವನ್ನೂ ಒಟ್ಟಿಗೇ ಪಡೆಯುತ್ತವೆ. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯನ್ನು ಹಿರಿಯರು ಸಾರುವಾಗ ಅವರ ಗಮನ ಕೊಡಲಿಯ ಅಲಗಿನ ಮೇಲಲ್ಲ, ಹಿಡಿಯ ಮೇಲೆಯೇ ಇತ್ತೆಂಬುದನ್ನು ಪೂರ್ವಪಕ್ಷದವರು ಗಮನಿಸಬೇಕು.

ಸಿದ್ಧಾಂತ ಪ್ರಕರಣ

ಈ ಸೀಮೆಯ ಪ್ರಾಚೀನ ಪ್ರಮಾಣ ವಿಜಯಪುರದ ಕೋಟೆಯ ಬುರುಜಿನ ಮೇಲಿದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕಹೊಯ್ದ, ಸುಮಾರು 55 ಟನ್ ತೂಗುವ ಮಲಿಕ್-ಎ-ಮೈದಾನ್ ತೋಪಿಗೆ ಹಿಡಿಯೇ ಇಲ್ಲ. ಅದಕ್ಕೆ ಕಿಡಿ ಮುಟ್ಟಿಸಿದವನು ಸದ್ದಿನಿಂದ ಪಾರಾಗಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂಬ ಪ್ರತೀತಿಯಿದ್ದು, ಬಂದೂಕನ್ನು ಬಿಟ್ಟು ಓಡುವುದೇ ಅಂಗೈಗೆ ಪರಮಸುಖವೆಂಬ ತತ್ತ್ವ ಇದರಿಂದ ಸಿದ್ಧವಾಗುತ್ತದೆ. 1854ರ ಹರಾಜಿನಲ್ಲಿ ಆ ತೋಪಿಗೆ ಬಂದ ಕೂಗು 150 ರೂಪಾಯಿ ಮಾತ್ರ, ಆ ಹರಾಜೂ ರದ್ದಾಯಿತು. ಎಷ್ಟೇ ಭಯಂಕರವಾದರೂ ಹಿಡಿಯಿಲ್ಲದ ಆಯುಧಕ್ಕೆ ಪೇಟೆಯಲ್ಲಿ ಬೆಲೆಯಿಲ್ಲವೆಂಬುದು ಇದರ ಉಪಸಿದ್ಧಾಂತ.

ತೊಟ್ಟಿಯ ಕೆಲಸವನ್ನು ಈಗ ಪೊಲೀಸ್ ಠಾಣೆ ನಿರ್ವಹಿಸುತ್ತಿದೆ. ಚುನಾವಣೆ ಘೋಷಣೆಯಾದೊಡನೆ ಪರಿಶೀಲನಾ ಸಮಿತಿ ಸೂಚಿಸಿದವರು ಆಯುಧವನ್ನು ಠಾಣೆಗೆ ಒಪ್ಪಿಸಬೇಕು. 2023ರ ವಿಧಾನಸಭೆಗೆ ಘೋಷಣೆಯಿಂದ ಎಣಿಕೆಯವರೆಗೆ 45 ದಿನ, 2024ರ ಲೋಕಸಭೆಗೆ 80 ದಿನ, ಕೂಡಿದರೆ 125 ದಿನ. ಈ ಲೆಕ್ಕಕ್ಕೆ ಪಂಚಾಯಿತಿ ಚುನಾವಣೆಗಳು ಸೇರಿಲ್ಲ. ಲಕ್ಷ ತೆತ್ತು, ಸಂದು ಕೂರಿಸಿ, ಬೆರಳು ಮುಟ್ಟಿಸಿ, ಕಿರುಬೆರಳಿಗೂ ಜಾಗ ನೋಡಿ ಆರಿಸಿದ ಹಿಡಿ ಅಷ್ಟು ದಿನ ಠಾಣೆಯ ಕಪಾಟಿನಲ್ಲಿ ಚೀಟಿ ಕಟ್ಟಿಸಿಕೊಂಡು ಮಲಗಿದ್ದಾಗ, ಒಡೆಯನ ಕೈಯಲ್ಲಿ ಉಳಿಯುವುದು ಒಂದು ರಸೀದಿ. ಅದಕ್ಕೆ ಹಿನ್ನೊದೆತವಿಲ್ಲ, ತೂಕವಿಲ್ಲ. ನಾಲ್ಕಾಗಿ ಮಡಚಿದರೆ ಇಂಡಿಯ ಅಂಗೈಗೂ, ಸಿಂದಗಿಯದಕ್ಕೂ, ಮುದ್ದೇಬಿಹಾಳದ್ದಕ್ಕೂ, ಬಾಗೇವಾಡಿಯದಕ್ಕೂ ಒಂದೇ ಸಮನೆ ಒಪ್ಪುತ್ತದೆ. ಅದನ್ನು ಹಿಡಿದವನು ಊರೊಳಗೆ ಬಂದರೆ ಹಾದಿಯಲ್ಲಿದ್ದವರು ಬದಿಗೆ ಸರಿಯದೆ, ಚಹಾ ಆಯಿತೇನೆಂದು ಕೇಳುತ್ತಾರೆ.