ಶನಿವಾರ ಕಬ್ಬಿಣ ತರಬಾರದು

ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ದಾಟಿದರೂ ನಮ್ಮ ಮನೆಯಲ್ಲಿ ಡಾಲರಿಗೆ ಮೂರು ರೇಟು ಚಾಲ್ತಿಯಲ್ಲಿವೆ. ನಮ್ಮನೆಯವರದು 45 ರೂಪಾಯಿ. ಅವರು 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದಾಗ ಇದ್ದ ದರ ಅದು. ಆಮೇಲೆ ರಿಸರ್ವ್ ಬ್ಯಾಂಕು ಏನೇ ಮಾಡಿಕೊಳ್ಳಲಿ, ಇವರು ಒಪ್ಪಿಲ್ಲ. ಆರು ತಿಂಗಳಿಗೆಂದು ಅರಸೀಕೆರೆಯಿಂದ ಬಂದಿರುವ ಮಾವನವರದು ಆ ದಿನ ಬೆಳಿಗ್ಗೆ ಫೋನಿನಲ್ಲಿ ನೋಡಿದ ದರ. ಇಲ್ಲೇ ಹುಟ್ಟಿದ ಮಗನಿಗೆ ಒಂದು ಡಾಲರ್ ಅಂದರೆ ಒಂದೇ ಡಾಲರ್. ಹೀಗಾಗಿ ಅವನು ಊಟದ ಮಧ್ಯೆ, 800 ಡಾಲರಿನೊಳಗೆ ಒಂದು ಮೌಂಟನ್ ಬೈಕ್ ಬೇಕು ಎಂದದ್ದು ಅಪ್ಪನ ಕಿವಿಗೆ 36,000 ಎಂದು ಬಿತ್ತು, ತಾತನ ಕಿವಿಗೆ 70,000ದ ಹತ್ತಿರ ಎಂದು. ತಾತ ಸಾರನ್ನದ ಕೈಯನ್ನು ಹಾಗೇ ಹಿಡಿದುಕೊಂಡು ಕೂತರು. ಅತ್ತೆಯವರು ಮಾತ್ರ ಸಮಾಧಾನವಾಗಿ, "ಅದಕ್ಕೆ ಮೋಟರು ಇರುತ್ತೋ?" ಎಂದು ಕೇಳಿದರು.

ಮೋಟರು ಇರುವುದಿಲ್ಲ. ಅದರಲ್ಲಿ ಏನೇನು ಇರುವುದಿಲ್ಲ ಎಂಬ ಪಟ್ಟಿ ಬಹಳ ಉದ್ದವಿದೆ ಎಂದು ನಮಗೆ ಆಮೇಲೆ ತಿಳಿಯಿತು.

ವಿಷಯ ಇಷ್ಟು: ಮಗನ ಹೈಸ್ಕೂಲಿನಲ್ಲಿ ಮೌಂಟನ್ ಬೈಕ್ ತಂಡ ಇದೆ. ಈ ಶಾಲಾ ರೇಸುಗಳ ವ್ಯವಸ್ಥೆ ಶುರುವಾದದ್ದು ನಮ್ಮ ಕಡೆಯಲ್ಲೇ. 2001ರಲ್ಲಿ ಬರ್ಕ್ಲಿ ಹೈಸ್ಕೂಲಿನ ಮ್ಯಾಟ್ ಫ್ರಿಟ್ಸಿಂಗರ್ ಎಂಬ ಮೇಷ್ಟ್ರು ಕಟ್ಟಿದ ಲೀಗು, 2009ರಿಂದ ದೇಶಕ್ಕೆಲ್ಲ ಹರಡಿತು. ಆ ಮೇಷ್ಟ್ರು ಹೇಳಿಕೊಡುತ್ತಿದ್ದದ್ದು ಗಣಿತ ಎಂದು ಗೊತ್ತಾದ ತಕ್ಷಣ ನಮ್ಮನೆಯವರ ಮುಖ ಅರಳಿತು. ಗಣಿತದ ಮೇಷ್ಟ್ರು ಹುಟ್ಟಿಸಿದ ಆಟದಿಂದ ಮಕ್ಕಳು ಕೆಡಲಾರರು. ನನ್ನನ್ನು ಗೆದ್ದದ್ದು ಬೇರೆ ಸಂಗತಿ: ಈ ಆಟದಲ್ಲಿ ಬೆಂಚೇ ಇಲ್ಲ. ಸೇರಿದವರೆಲ್ಲ ಓಡಿಸುತ್ತಾರೆ. ಮಗ ಸಾಕರ್ ಸೇರಿದ್ದಾಗ ಶನಿವಾರ ಶನಿವಾರ ಬಿಸಿಲಲ್ಲಿ ಕಿತ್ತಳೆ ಹಣ್ಣು ಸುಲಿಯುತ್ತ, ಬೆಂಚಿನ ಮೇಲೆ ಕೂತ ಅವನ ಬೆನ್ನು ನೋಡಿದವಳು ನಾನು.

ನಮ್ಮನೆಯವರು ಯಾವುದನ್ನೂ ಸುಮ್ಮನೆ ಕೊಳ್ಳುವವರಲ್ಲ. ಮಿಕ್ಸಿ ತರುವ ಮೊದಲೂ ಎಕ್ಸೆಲ್ ಹಾಳೆ ತೆರೆಯುತ್ತಾರೆ. ಈ ಸಲ ಹಾಳೆಗೆ ಪೀಠಿಕೆಯಾಗಿ ಇತಿಹಾಸವೂ ಸೇರಿತು. ನಾವಿರುವ ಫ್ರೀಮಾಂಟಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ದಾಟಿ ಉತ್ತರಕ್ಕೆ ಹೋದರೆ ಮರಿನ್ ಕೌಂಟಿ. ಅಲ್ಲಿನ ಫೇರ್‌ಫ್ಯಾಕ್ಸ್ ಊರಿನ ಪಕ್ಕದ ಗುಡ್ಡದಲ್ಲಿ, 1970ರ ದಶಕದಲ್ಲಿ ಉದ್ದ ಕೂದಲಿನ ಕೆಲವು ಹುಡುಗರು 1930-40ರ ಕಾಲದ ಶ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ಚಿಲ್ಲರೆ ಕಾಸಿಗೆ ತಂದು ಇಳಿಜಾರಿನಲ್ಲಿ ಬಿಡುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಮೊದಲ ರೇಸು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಳೆಯ ಬ್ರೇಕು. ಗುಡ್ಡದ ಬುಡ ಸೇರುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಡುತ್ತಿತ್ತಂತೆ. ಬಿಚ್ಚಿ ಹೊಸ ಗ್ರೀಸ್ ತುಂಬದೆ ಮತ್ತೆ ಬಿಡುವ ಹಾಗಿಲ್ಲ. ಅದಕ್ಕೇ ಆ ರೇಸಿಗೆ ರಿಪ್ಯಾಕ್ ಎಂದು ಹೆಸರಾಯಿತು. ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಎಲ್ಲ ಆ ಗುಂಪಿನವರೇ. ಈಗ ಫೇರ್‌ಫ್ಯಾಕ್ಸಿನಲ್ಲಿ ಅದಕ್ಕೊಂದು ಮ್ಯೂಸಿಯಂ ಕೂಡ ಇದೆ.

ಮಾವನವರು ಪೂರ್ತಿ ಕೇಳಿದರು. ಆಮೇಲೆ, "ಗುಜರಿ ಸೈಕಲ್ಲಿಗೆ ಗ್ರೀಸ್ ಹಾಕಿದ್ದಕ್ಕೆ ಮ್ಯೂಸಿಯಮ್ಮಾ? ಹಂಗಾದ್ರೆ ನಮ್ಮ ಬಸ್‌ಸ್ಟ್ಯಾಂಡ್ ಹಿಂದಿನ ಸೈಕಲ್ ಶಾಪಿನವನಿಗೆ ಗುಡಿ ಕಟ್ಟಬೇಕು" ಎಂದರು. ಬಡವರ ಆಟವಾಗಿ ಹುಟ್ಟಿದ್ದು ಬಡವಾಗಿಯೇ ಉಳಿಯಲಿಲ್ಲ ಎಂಬುದು ಆ ಹಾಳೆಯ ಮುಂದಿನ ಸಾಲಿನಲ್ಲಿತ್ತು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ಸ್ಟಂಪ್‌ಜಂಪರ್ ಎಂಬ ಸೈಕಲ್ಲನ್ನು ಅಂಗಡಿಗೆ ತಂದಾಗಲೇ ಬೆಲೆ 750 ಡಾಲರ್. ನಾಲ್ಕು ದಶಕ ಕಳೆದ ಮೇಲೆ ನಮ್ಮ ಬಜೆಟ್ಟು ಅದಕ್ಕಿಂತ 50 ಡಾಲರ್ ಹೆಚ್ಚು.

ಸೈಕಲ್ ಅಂಗಡಿಗೆ ಮಾವನವರನ್ನೂ ಕರೆದುಕೊಂಡು ಹೋದೆವು. ಮೂವತ್ತು ವರ್ಷ ಅಟ್ಲಾಸ್ ಸೈಕಲ್ಲಿನಲ್ಲಿ ಹಳ್ಳಿ ಶಾಲೆಗೆ ಹೋಗಿ ಪಾಠ ಮಾಡಿ ಬಂದವರು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಒಂದೊಂದೇ ಸೈಕಲ್ಲಿನ ಮುಂದೆ ನಿಂತು ತಪಾಸಣೆ ಶುರು ಮಾಡಿದರು. ಸ್ಟ್ಯಾಂಡ್ ಇಲ್ಲ. ಕ್ಯಾರಿಯರ್ ಇಲ್ಲ. ಬೆಲ್ಲಿಲ್ಲ, ಮಡ್‌ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ, ಡೈನಮೋ ಕೇಳುವ ಹಾಗೇ ಇಲ್ಲ. 1,400 ಡಾಲರಿನ ಒಂದರ ಮುಂದೆ ಬಹಳ ಹೊತ್ತು ನಿಂತರು. ಬಗ್ಗಿದರು, ಎದ್ದರು, ಆ ಕಡೆಯಿಂದ ಬಂದು ನೋಡಿದರು.

"ಏನೋ ಇದು, ಪೆಡಲ್ಲೇ ಇಲ್ಲ!"

ನಿಜವಾಗಿ ಇರಲಿಲ್ಲ. ದುಬಾರಿ ಸೈಕಲ್ಲುಗಳನ್ನು ಪೆಡಲ್ ಇಲ್ಲದೆ ಮಾರುತ್ತಾರೆ. ಕೊಳ್ಳುವವರು ತಮಗೆ ಬೇಕಾದ್ದನ್ನು ಬೇರೆ ಕೊಂಡು ಹಾಕಿಸಿಕೊಳ್ಳಬೇಕು. ಅಗ್ಗದವಕ್ಕೆ ಪೆಡಲ್ ಇರುತ್ತದೆ. ಮಗ ಇದನ್ನು ವಿವರಿಸಿದ ಮೇಲೆ ಮಾವನವರು ಕೇಳಿದ ಪ್ರಶ್ನೆಗೆ ನನಗಂತೂ ಇವತ್ತಿಗೂ ಉತ್ತರ ಸಿಕ್ಕಿಲ್ಲ: "ಇನ್ನೂ ಸ್ವಲ್ಪ ದುಡ್ಡು ಕೊಟ್ರೆ ಚಕ್ರಾನೂ ತೆಗೆದುಬಿಡ್ತಾರಾ?" ಒಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಮಾಲು ಕಮ್ಮಿಯಾದಷ್ಟೂ ದುಡ್ಡು ಜಾಸ್ತಿ ಎಂದು ಗೊಣಗುತ್ತ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು.

ಅಲ್ಲಿಂದ ಬರುವಾಗ ಸಾಮಾನು ತರಲು ಹೋದ ದೊಡ್ಡ ಅಂಗಡಿಯಲ್ಲಿ, ಹಾಲಿನ ಕ್ಯಾನುಗಳಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ನಡುವೆ, ಮಾವನವರ ಮನಸ್ಸಿಗೆ ಹಿಡಿಸಿದ್ದು ಸಿಕ್ಕಿತು. ಕೆಂಪು ಬಣ್ಣ, ಮುಂದೊಂದು ಸ್ಪ್ರಿಂಗು, ನಡುವೆ ಇನ್ನೊಂದು ಸ್ಪ್ರಿಂಗು, ಕಾಲಿಗೆ ಪೆಡಲ್ಲು, ಪಕ್ಕಕ್ಕೆ ಸ್ಟ್ಯಾಂಡು, ಬೆಲೆ 300 ಡಾಲರಿಗೂ ಕಡಿಮೆ. ಮಗ ಸ್ನೇಹಿತರು ಯಾರಾದರೂ ನೋಡಿಯಾರೆಂದು ಬ್ರೆಡ್ಡಿನ ಸಾಲಿಗೆ ಓಡಿಹೋದ. ಈ ಒಂದು ವಿಷಯದಲ್ಲಿ ಮಾತ್ರ ನಾನು ಮಗನ ಕಡೆ. ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಮಾಡಲು ಕೀಲು, ಬೇರಿಂಗು, ಶಾಕ್ ಅಬ್ಸಾರ್ಬರ್ ಎಲ್ಲ ಬೇಕು. ಅಷ್ಟು ಬೆಲೆಯೊಳಗೆ ಅವನ್ನು ತುರುಕಿದ್ದಾರೆ ಎಂದರೆ ಉಳಿದ ಕಡೆ ಹೊಡೆದಿದ್ದಾರೆ ಎಂದೇ ಅರ್ಥ. ಭಾರ ಹೆಚ್ಚು, ಬ್ರೇಕು ಕಡಿಮೆ, ತುಳಿದ ಶಕ್ತಿಯ ಒಂದು ಪಾಲು ಸ್ಪ್ರಿಂಗು ಕುಣಿಸುವುದಕ್ಕೇ ಖರ್ಚು. ಜೇಬು ಸಣ್ಣದಿದ್ದರೆ ಹಿಂದುಗಡೆ ಸ್ಪ್ರಿಂಗೇ ಇಲ್ಲದ ಹಾರ್ಡ್‌ಟೇಲ್ ತಗೊಳ್ಳಿ, ಮಿಕ್ಕ ದುಡ್ಡು ಮುಂದಿನ ಫೋರ್ಕಿಗೂ ಬ್ರೇಕಿಗೂ ಹೋಗಲಿ ಎಂದು ತಂಡದ ಕೋಚ್ ಮೊದಲೇ ಹೇಳಿದ್ದರು. ಶಾಲಾ ರೇಸಿನಲ್ಲಿ ಬಂಡೆಯಿಂದ ಹಾರುವುದಿಲ್ಲ. ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು.

ಫೋರ್ಕಿನ ಕಥೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಮನೆಯ ನೆಮ್ಮದಿ ಕೆಟ್ಟದ್ದು ಅಲ್ಲಿಂದಲೇ. 800 ಡಾಲರಿಗೆ ಸಿಗುವ ಹೊಸ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಉಕ್ಕಿನ ಸುರುಳಿ ಸ್ಪ್ರಿಂಗಿನ ಫೋರ್ಕು. ಅದನ್ನು ದೊಡ್ಡವರ ಮೈಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ನಮ್ಮ ಮಗನೋ ಎಷ್ಟು ತುಪ್ಪ ಸುರಿದರೂ 45 ಕಿಲೋ ದಾಟದ ಪ್ರಾಣಿ. ಅವನು ಹತ್ತಿ ಕೂತರೆ ಫೋರ್ಕಿಗೆ ಯಾರೋ ಕೂತಿದ್ದಾರೆ ಎಂಬುದೇ ಗೊತ್ತಾಗಲಿಲ್ಲ. ಗಾಳಿಯ ಫೋರ್ಕಾದರೆ ಸಣ್ಣ ಪಂಪಿನಿಂದ ಒತ್ತಡ ಏರಿಸಿ ಇಳಿಸಿ, ಓಡಿಸುವವರ ತೂಕಕ್ಕೆ ಸರಿಯಾಗಿ ಹೊಂದಿಸಬಹುದು. ಗಾಳಿಗೆ ಸುಮಾರು 400 ಡಾಲರ್ ಹೆಚ್ಚು. "ಗಾಳಿಗೆ!" ಎಂದರು ಮಾವನವರು. ಅತ್ತೆಯವರು ಇಡೀ ಚರ್ಚೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದರು: ಮಗು ಸ್ಪ್ರಿಂಗು ಅದುಮುವಷ್ಟೂ ದಪ್ಪ ಇಲ್ಲ ಎಂದರೆ ಅದು ಸೈಕಲ್ಲಿನ ತಪ್ಪಲ್ಲ, ಬೆಳಿಗ್ಗೆ ಹಾಲಿಗೆ ಒಣ ಸಿರಿಯಲ್ ಸುರಿದುಕೊಡುವ ತಾಯಿಯ ತಪ್ಪು. ಅವತ್ತಿನಿಂದ ಮೂರು ಹೊತ್ತೂ ರಾಗಿ ರೊಟ್ಟಿ, ಬೆಣ್ಣೆ.

ಹೊಸದರಲ್ಲಿ ಗಾಳಿ ಫೋರ್ಕು ಎಟುಕುವುದಿಲ್ಲ ಎಂದಾದ ಮೇಲೆ ಹಳೆಯದನ್ನು ಹುಡುಕಬೇಕು. ಇಲ್ಲಿ ಹಳೆಯ ಸೈಕಲ್ಲಿಗೆ ಬರವಿಲ್ಲ. ಹೊಸ ವರ್ಷದ ಸಂಕಲ್ಪಕ್ಕೆ ಕೊಂಡು, ಯುಗಾದಿಯೊಳಗೆ ಗ್ಯಾರೇಜಿನ ಗೋಡೆಗೆ ತೂಗುಹಾಕಿ, ಮುಂದಿನ ಬೇಸಿಗೆಗೆ ಮಾರುವ ಎಂಜಿನಿಯರುಗಳು ಈ ಸೀಮೆಯ ತುಂಬ ಇದ್ದಾರೆ. ಎಕ್ಸೆಲ್ ಹಾಳೆಗೆ ಹೊಸ ಕಾಲಂಗಳು ಬಂದವು. ಚಕ್ರದ ಅಚ್ಚು ತೂರಿ ತಿರುಪುವ ಥ್ರೂ ಆಕ್ಸಲ್ ಇದೆಯೆ, ಫ್ರೇಮಿನ ತಲೆಯ ಕೊಳವೆ ಕೆಳಗೆ ಅಗಲವಾಗಿದೆಯೆ? ಇವೆರಡು ಇದ್ದರೆ ಮುಂದೆ ಒಳ್ಳೆಯ ಫೋರ್ಕು, ಒಳ್ಳೆಯ ಚಕ್ರ ಹಾಕಬಹುದು, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಮೈಸೂರಿನ ಸೈಟಿನಲ್ಲಿ ಕಟ್ಟಿದ್ದು ಒಂದೇ ಮಹಡಿಯಾದರೂ ಮೂರು ಮಹಡಿಗೆ ಪಾಯ ಹಾಕಿಸಿದ್ದೇವಲ್ಲ, ಹಾಗೆ ಎಂದು ಇವರು ವಿವರಿಸಿದಾಗ ಮೊದಲ ಬಾರಿಗೆ ಮಾವನವರು ತಲೆದೂಗಿದರು. ಆ ಮೇಲಿನ ಎರಡು ಮಹಡಿ ಇನ್ನೂ ಎದ್ದಿಲ್ಲ ಎಂಬುದನ್ನು ನಾನು ಎತ್ತಲಿಲ್ಲ.

ಸೈಜಿನ ವಿಚಾರದಲ್ಲಿ ಅತ್ತೆಯವರ ಮತ ಯೂನಿಫಾರ್ಮ್ ಹೊಲಿಸುವ ಕಾಲದ್ದು: ಬೆಳೆಯೋ ಹುಡುಗ, ಎರಡು ಸೈಜು ದೊಡ್ಡದೇ ಇರಲಿ. ಫ್ರೇಮಿನ ಕೆಳಗಂಚು ಮಡಚಿ ಹೊಲಿಯಲು ಬರುವುದಿಲ್ಲ ಎಂದು ಹೇಳಿ ಮುಗಿಸಿದೆವು.

ಕೊನೆಗೆ ಪ್ಲೆಸಂಟನ್ ಕಡೆಯ ಒಬ್ಬ ಹುಡುಗನ ಹತ್ತಿರ ಸಿಕ್ಕಿತು. ಅಲ್ಯುಮಿನಿಯಂ ಫ್ರೇಮು, 29 ಇಂಚಿನ ಚಕ್ರ, ಗಾಳಿ ಫೋರ್ಕು, ಹೈಡ್ರಾಲಿಕ್ ಡಿಸ್ಕ್ ಬ್ರೇಕು. ಕೇಳಿದ್ದು 700. ಅವನಿಗೆ ಬಿಡುವಿರುವುದು ಶನಿವಾರ ಮಾತ್ರ.

"ಶನಿವಾರ ಕಬ್ಬಿಣ ತರಬಾರದು" ಎಂದರು ಅತ್ತೆ.

"ಇದು ಕಬ್ಬಿಣ ಅಲ್ಲಮ್ಮ, 6061 ಅಲ್ಯುಮಿನಿಯಂ" ಎಂದರು ಇವರು, ಗೆದ್ದ ದನಿಯಲ್ಲಿ.

"ಚೈನು?"

ಇವರು ಸುಮ್ಮನಾದರು. ಚೈನು ಉಕ್ಕು, ಚಕ್ರದ ಕಡ್ಡಿ ಉಕ್ಕು, ಬೇರಿಂಗಿನ ಗುಂಡು ಉಕ್ಕು. ಪೂರ್ತಿ ಕಾರ್ಬನ್ ಸೈಕಲ್ಲಿನಲ್ಲೂ ಚೈನು ಉಕ್ಕಿನದೇ. ಶನಿಯಿಂದ ತಪ್ಪಿಸಿಕೊಳ್ಳುವಂಥ ಸೈಕಲ್ಲನ್ನು ಈ ಉದ್ಯಮ ಇನ್ನೂ ತಯಾರಿಸಿಲ್ಲ. ಬಹಳ ವಾದ ನಡೆದು ಅತ್ತೆಯವರೇ ಒಂದು ದಾರಿ ತೋರಿಸಿದರು: ಶನಿವಾರ ದುಡ್ಡು ಕೊಡಿ, ವ್ಯಾನಿನೊಳಗೇ ಇರಲಿ, ಭಾನುವಾರ ಸೂರ್ಯ ಹುಟ್ಟಿದ ಮೇಲೆ ಮನೆಗೆ ತನ್ನಿ. ಕಬ್ಬಿಣದೊಳಗೆ ಕಬ್ಬಿಣ ಇದ್ದರೆ ದೋಷವಿಲ್ಲವಂತೆ.

ಮಾವನವರ ನಿಜವಾದ ಪ್ರತಾಪ ಕಂಡದ್ದು ಆ ಹುಡುಗನ ಗ್ಯಾರೇಜಿನಲ್ಲಿ. ಸೈಕಲ್ಲನ್ನು ತಲೆಕೆಳಗು ಮಾಡಿಸಿ, ಚಕ್ರ ತಿರುಗಿಸಿ, ರಿಮ್ಮಿನ ಅಂಚಿಗೆ ಹೆಬ್ಬೆರಳ ಉಗುರು ಹಿಡಿದು ಕಣ್ಣು ಮುಚ್ಚಿಕೊಂಡರು. "ಹಿಂದಿನದು ಕೂದಲೆಳೆ ಔಟ್ ಇದೆ." ಫೋರ್ಕಿನ ಹೊಳೆಯುವ ಕಾಲಿನ ಮೇಲೆ ಗೀರು ಬಿದ್ದಿದೆಯೇ ಎಂದು ಅದೇ ಉಗುರು ಓಡಾಡಿತು, ಬೆಸುಗೆಗಳಲ್ಲಿ ಬಿರುಕಿದೆಯೇ ಎಂದು ಫೋನಿನ ಟಾರ್ಚು ಓಡಾಡಿತು. ನಾನು ರವಿಕೆ ಹೊಲಿಯುವ ಟೇಪು ತಂದಿದ್ದೆ. ಚೈನಿನ ಹನ್ನೆರಡು ಜೋಡಿ ಕೊಂಡಿಗಳ ಉದ್ದ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚಿದ್ದರೂ ಚೈನು ಸವೆದಿದೆ ಎಂದೇ ಲೆಕ್ಕ. ಹೆಚ್ಚಿತ್ತು. ತಾತ ಕನ್ನಡದಲ್ಲಿ, ಮೊಮ್ಮಗ ಇಂಗ್ಲಿಷಿನಲ್ಲಿ, ನಾನು ಎರಡಕ್ಕೂ ನಡುವೆ ನಿಂತು "ಕೊನೇ ಬೆಲೆ" ಎನ್ನುತ್ತ 650ಕ್ಕೆ ಇಳಿಸಿದೆವು. ಆಗ ಮಾವನವರು ಜೇಬಿನಿಂದ ಒಂದು ಡಾಲರ್ ತೆಗೆದು ಮೇಲೆ ಇಟ್ಟರು. ಅಷ್ಟು ಹೊತ್ತು ಐದೈದು ಡಾಲರಿಗೆ ಎಳೆದಾಡಿದ ಮನುಷ್ಯ ತಾನಾಗಿ ಒಂದು ಡಾಲರ್ ಯಾಕೆ ಕೊಟ್ಟ ಎಂದು ಆ ಹುಡುಗ ಈಗಲೂ ಯೋಚಿಸುತ್ತಿರಬಹುದು. ಸೊನ್ನೆಯಲ್ಲಿ ಮುಗಿಸಬಾರದು ಎಂದು ಹೇಳಿದರೆ ಇನ್ನಷ್ಟು ಯೋಚಿಸುತ್ತಿದ್ದ.

ಆ ರಾತ್ರಿ ವ್ಯಾನು ಬೀದಿಯಲ್ಲಿ, ಒಳಗೆ ಸೈಕಲ್ಲು. ಕಾರಿನ ಗಾಜು ಒಡೆಯುವವರಿಗೆ ಈ ಕೊಲ್ಲಿ ಪ್ರದೇಶದಲ್ಲಿ ವಾರದ ರಜೆ ಇಲ್ಲವಾದ್ದರಿಂದ ಅಪ್ಪ ಮಗ ಸರದಿಯ ಮೇಲೆ ಕಿಟಕಿ ಕಾದರು. ಬೆಳಿಗ್ಗೆ ಹಾರ್ಡ್‌ಟೇಲು ಹೊಸ್ತಿಲು ದಾಟಿತು. ಹೊಸ ಚೈನು, ಬಿಡಿ ಟ್ಯೂಬು, ಫೋರ್ಕಿನ ಪಂಪು, ಹೆಲ್ಮೆಟ್ಟು ಎಲ್ಲ ಸೇರಿ 800 ದಾಟಿದ್ದನ್ನು ಹಾಳೆಯ ಕೊನೆಯ ಸಾಲು ತೋರಿಸುತ್ತದೆ. ಹೆಲ್ಮೆಟ್ಟಿಗೆ ಮಾತ್ರ ಯಾರೂ ಚೌಕಾಸಿ ಮಾಡಲಿಲ್ಲ. ಹದಿನೆಂಟರೊಳಗಿನವರಿಗೆ ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನು, ನಮ್ಮ ಮನೆಯಲ್ಲಿ ಅದಕ್ಕಿಂತ ಮೇಲಿನದು.

ಅಷ್ಟರಲ್ಲಿ ಆಯುಧಪೂಜೆ ಬಂತು. ಗ್ಯಾರೇಜಿನಲ್ಲಿ ವ್ಯಾನು, ಹುಲ್ಲಿನ ಯಂತ್ರ, ಇವರ ಲ್ಯಾಪ್‌ಟಾಪು, ನನ್ನ ಹೊಲಿಗೆ ಯಂತ್ರ, ಎಲ್ಲಕ್ಕೂ ಮುಂದೆ ಸೈಕಲ್ಲು. ಅತ್ತೆಯವರು ಸೇವಂತಿಗೆ ಹಾರ ಹಾಕಿದರು. ಕುಂಕುಮ ಉದುರಬಾರದೆಂದು ಎಣ್ಣೆಯಲ್ಲಿ ಕಲಸಿದ್ದರು. ಹ್ಯಾಂಡಲ್ಲಿಗೆ ಒಂದು ಬೊಟ್ಟು, ಸೀಟಿಗೆ ಒಂದು, ಫ್ರೇಮಿಗೆ ಮೂರು. ಆಮೇಲೆ ಚಕ್ರದ ನಡುವೆ ತಟ್ಟೆಯ ಹಾಗೆ ಥಳಥಳ ಹೊಳೆಯುತ್ತಿದ್ದ ಡಿಸ್ಕು ಅವರ ಕಣ್ಣಿಗೆ ಬಿತ್ತು. ಇಡೀ ಸೈಕಲ್ಲಿನಲ್ಲಿ ಬೊಟ್ಟಿಡಲು ಅದಕ್ಕಿಂತ ಪ್ರಶಸ್ತವಾದ ಜಾಗ ಇನ್ನೊಂದಿರಲಿಲ್ಲ. ಸುತ್ತಲೂ ಇಟ್ಟರು, ಎರಡೂ ಚಕ್ರಕ್ಕೆ, ಎರಡೂ ಬದಿಗೆ.

ಡಿಸ್ಕಿಗೆ ಎಣ್ಣೆ ತಾಗಿದರೆ ಬ್ರೇಕ್ ಪ್ಯಾಡು ಅದನ್ನು ಹೀರಿಕೊಳ್ಳುತ್ತದೆ, ಆಮೇಲೆ ಹಿಡಿತ ಹೋಗಿ ಕಿರುಚಾಟ ಉಳಿಯುತ್ತದೆ. ನಿಂಬೆಹಣ್ಣು ಜಜ್ಜಿ ಹೊರಟ ಮಗ ಬೀದಿಯ ತುದಿಯಲ್ಲಿ ಬ್ರೇಕ್ ಒತ್ತಿದಾಗ ಅಕ್ಕಪಕ್ಕದ ಮೂರು ಮನೆಯ ನಾಯಿಗಳು ಎದ್ದವು. ಡಿಸ್ಕನ್ನು ಆಲ್ಕೋಹಾಲಿನಲ್ಲಿ ಒರೆಸಿ, ನಾಲ್ಕೂ ಪ್ಯಾಡು ಹೊಸದು ಹಾಕಿಸಬೇಕಾಯಿತು. ಈ ಕೆಂಪಗಿರುವುದು ಏನು ಎಂದು ಕೇಳಿದ ಮೆಕ್ಯಾನಿಕ್ಕಿಗೆ ಮಗ, ಅಜ್ಜಿ ಹಾಕಿದ ಲೂಬ್ರಿಕೆಂಟ್ ಎಂದನಂತೆ.

"ಆರುನೂರ ಐವತ್ತೊಂದು ಡಾಲರ್ ಕೊಟ್ಟು ತಂದಿದ್ದು ಒಂದು ಚಿಟಿಕೆ ಕುಂಕುಮ ತಡೆಯಲ್ವಾ?" ಎಂಬ ಅತ್ತೆಯವರ ಪ್ರಶ್ನೆಯ ಮೇಲೆ ಸಂಧಾನ ನಡೆದು, ಮುಂದಿನ ವರ್ಷದಿಂದ ಬೊಟ್ಟು ಹ್ಯಾಂಡಲ್ಲಿಗೆ ಮಾತ್ರ, ಅದೂ ನೀರಿನಲ್ಲಿ ಕಲಸಿ, ಎಂದು ತೀರ್ಮಾನವಾಗಿದೆ. ಅದಕ್ಕೆ ಪ್ರತಿಯಾಗಿ ಚಕ್ರಕ್ಕೆ ಒಂದರಂತೆ ಇದ್ದ ನಿಂಬೆಹಣ್ಣನ್ನು ಎರಡಕ್ಕೆ ಏರಿಸಬೇಕಂತೆ. ನಿಂಬೆಹಣ್ಣಿನ ಬಗ್ಗೆ ಕಂಪನಿಯ ಆಕ್ಷೇಪ ಏನೂ ಇಲ್ಲ ಎಂಬುದನ್ನು ನಮ್ಮನೆಯವರು ಮ್ಯಾನ್ಯುಯಲ್ ಪೂರ್ತಿ ಓದಿ ಖಚಿತಪಡಿಸಿಕೊಂಡಿದ್ದಾರೆ.