ತಲೆಯ ಮೇಲಿನವನು

ನಮ್ಮ ತಲೆಯ ಮೇಲೆ ಒಬ್ಬ ಕೂತಿದ್ದಾನೆ. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಕೂತಿದ್ದಾನೆ. ಪೂರ್ವ ಲಂಡನ್ನಿನ ಕೌನ್ಸಿಲ್ ಕಟ್ಟಡವೊಂದರ ಏಳನೇ ಮಹಡಿಯಲ್ಲಿ ನಾವು, ಎಂಟರಲ್ಲಿ ಅವನು. ನಡುವಿನ ಕಾಂಕ್ರೀಟು ಹಪ್ಪಳದಷ್ಟು ದಪ್ಪ. ಅವನು ಸೀನಿದರೆ ನಾವು 'ನೂರು ವರ್ಷ ಬಾಳಪ್ಪ' ಅನ್ನಬೇಕು. ಅನ್ನುವುದಿಲ್ಲ.

ಕೌನ್ಸಿಲ್ ಮನೆ ಅಂದರೆ ಊರಿನ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ಮನೆ. ಮೈಸೂರಿನವನಿಗೆ ಅದು ಹೇಗೆ ಸಿಕ್ಕಿತು ಅಂತೀರಾ? ಸಿಗಲಿಲ್ಲ. 1980ರಲ್ಲಿ ಆಗಿನ ಪ್ರಧಾನಿ ಥ್ಯಾಚರಮ್ಮ ಬಾಡಿಗೆಗಿದ್ದವರಿಗೇ ರಿಯಾಯಿತಿಯಲ್ಲಿ ಮನೆ ಮಾರುವ ಕಾನೂನು ತಂದರು. ಕೊಂಡವರು ಮಾರಿದರು, ಅವರಿಂದ ಕೊಂಡವರು ಬಾಡಿಗೆಗೆ ಬಿಟ್ಟರು. ಹಾಗಾಗಿ ಮೇಲ್ಮನೆಯವನು ಕೌನ್ಸಿಲ್ಲಿಗೆ ಕಟ್ಟುವುದರ ಎರಡು ಪಟ್ಟನ್ನು ನಾನು ನಮ್ಮ ಓನರಿಗೆ ಕಟ್ಟುತ್ತೇನೆ. ಸದ್ದು ಮಾತ್ರ ಪುಕ್ಕಟೆ.

ಅವನ ಹತ್ತಿರ ಡ್ರಮ್ ಇದೆ. ಬಾರಿಸಲು ಬರುವುದಿಲ್ಲ, ಬಂದಿದ್ದರೆ ಕಛೇರಿ ಅಂದುಕೊಂಡು ನಾವೂ ತೊಡೆಯ ಮೇಲೆ ತಾಳ ಹಾಕುತ್ತಿದ್ದೆವು. ಡ್ರಮ್ ನಿಂತ ಮೇಲೆ ಸೋಫಾ. ಇರುವುದು ಎರಡು ಕೋಣೆ, ಇರುವವನು ಒಬ್ಬನೇ, ರಾತ್ರಿ ಒಂದು ಗಂಟೆಗೆ ಅದನ್ನು ಎಲ್ಲಿಂದ ಎಲ್ಲಿಗೆ ಎಳೆಯುತ್ತಾನೋ! ಅವನ ಸಿಗರೇಟಿನ ತುಂಡು ಬಾಲ್ಕನಿಯಿಂದ ಗುರಿಯಿಟ್ಟ ಹಾಗೆ ನಮ್ಮ ಕರಿಬೇವಿನ ಕುಂಡಕ್ಕೇ ಬೀಳುತ್ತದೆ. ಈ ಚಳಿಯಲ್ಲಿ ಒಂದು ಕರಿಬೇವು ಬದುಕಿಸುವ ಕಷ್ಟ ಆ ಪುಣ್ಯಾತ್ಮನಿಗೇನು ಗೊತ್ತು.

ಆರು ತಿಂಗಳ ವೀಸಾದಲ್ಲಿ ಬಂದಿದ್ದ ಅಮ್ಮ, "ಮೇಲಕ್ಕೆ ಹೋಗಿ ನಾಲ್ಕು ಅಂದು ಬಾರೋ" ಅಂದಳು. ವಠಾರದಲ್ಲಿ ಬಾಳಿದ ಜೀವ. ಅಲ್ಲಿ ಜಗಳ ನಲ್ಲಿಯ ಮುಂದೆ ಹುಟ್ಟಿ ನೀರು ನಿಂತಾಗ ನಿಲ್ಲುತ್ತಿತ್ತು. ಸಂಜೆ ಹೆಪ್ಪಿಗೆ ಮೊಸರು ಅದೇ ಮನೆಯಿಂದ ಬರುತ್ತಿತ್ತು. "ಇಲ್ಲಿ ಬಾಯಿ ನಡೆಯಲ್ಲಮ್ಮ, ಬರೀಬೇಕು" ಅಂದೆ. ದೂರು ಕೊಟ್ಟರೆ ಕೌನ್ಸಿಲ್ಲಿನವರು ಮೊದಲು ಕೈಗಿಡುವುದು ಒಂದು ಖಾಲಿ ಡೈರಿ: ತಾರೀಖು, ಹೊತ್ತು, ಯಾವ ಸದ್ದು, ಎಷ್ಟು ಹೊತ್ತು, ಅದರಿಂದ ನಿಮಗೇನಾಯಿತು.

ಇಪ್ಪತ್ತು ವರ್ಷದಲ್ಲಿ ಒಂದು ಪತ್ರಿಕೆಯೂ ನನ್ನ ಬರಹ ಕೇಳಿರಲಿಲ್ಲ. ಇಲ್ಲಿ ಆಡಳಿತವೇ ಕೇಳುತ್ತಿದೆ! 'ನಿಮಗೇನಾಯಿತು' ಅನ್ನುವಲ್ಲಿ ಎರಡು ಗೆರೆ ಬಿಟ್ಟಿದ್ದರು. ನಾನು ಹಾಳೆ ಅಂಟಿಸಿದೆ. ಅವನು ಸುಮ್ಮನಿದ್ದ ರಾತ್ರಿಯೂ ಪೆನ್ನು ಹಿಡಿದು ಲೈಟು ಹಾಕಿಕೊಂಡು ಕಾದೆ. "ನನ್ನ ನಿದ್ದೆ ಕೆಡಿಸ್ತಿರೋದು ಅವನಲ್ಲ, ನೀವು" ಎಂದು ನಮ್ಮಾಕೆ ದಿಂಬು ಎತ್ತಿಕೊಂಡು ಅಮ್ಮನ ಕೋಣೆಗೆ ಹೋದಳು.

ನೆರೆಯವರ ಕಾಟಕ್ಕೆ ಈ ದೇಶ ಕಾನೂನು ಮಾಡಿ ಮಾಡಿ ಸುಸ್ತಾಗಿದೆ. 1998ರಲ್ಲಿ 'ಆಸ್ಬೋ' ಅಂತ ಒಂದು ಕೋರ್ಟಿನ ಆಜ್ಞೆ ತಂದರು. ಕೆಲವು ಪೋಕರಿಗಳು ಅದನ್ನೇ ಪದಕದ ಹಾಗೆ ಹೇಳಿಕೊಂಡು ತಿರುಗಿದರು. 2014ರ ಕಾನೂನಿನಲ್ಲಿ ಅದನ್ನು ಕಿತ್ತು ಬೇರೆ ಆಜ್ಞೆಗಳನ್ನಿಟ್ಟರು. ಆರು ತಿಂಗಳಲ್ಲಿ ಮೂರು ಸಲ ದೂರು ಕೊಟ್ಟವರು, ಕೌನ್ಸಿಲ್ಲು ಪೊಲೀಸು ಒಟ್ಟಿಗೆ ಕೂತು ಕಡತ ಮತ್ತೆ ಬಿಚ್ಚಿ ಎಂದು ಕೇಳಬಹುದು. ನಾನು ಎರಡು ಮುಗಿಸಿ ಮೂರನೆಯದಕ್ಕೆ ಪೆನ್ನು ಮಸೆಯುತ್ತಿದ್ದೆ.

ಅಷ್ಟರಲ್ಲಿ ಕೌನ್ಸಿಲ್ಲಿನ ಮೇಡಮ್ ಒಬ್ಬರು ಬಂದರು. ನನ್ನ ಕೃತಿ ತಿರುವಿ, ಟೀ ಕುಡಿದು, ನಗುತ್ತಲೇ ಹೇಳಿದರು: 1996ರ ಸದ್ದಿನ ಕಾನೂನಿನಲ್ಲಿ ರಾತ್ರಿ ಅಂದರೆ ಹನ್ನೊಂದರಿಂದ ಬೆಳಗಿನ ಏಳು. ನಿಮ್ಮ ಡ್ರಮ್ ಹೆಚ್ಚಾಗಿ ಹತ್ತೂಮುಕ್ಕಾಲಿಗೆ ನಿಂತಿದೆ, ಅದನ್ನು ಬೇರೆ ಕಾನೂನಿನಲ್ಲಿ ನೋಡಬೇಕು. ಸೋಫಾ ಎಳೆಯುವುದು ಸಂಸಾರದ ಸದ್ದು, ಅದಕ್ಕೇನೂ ಮಾಡಲಾಗದು.

ಆಮೇಲೆ ಚೀಲದಿಂದ ಇನ್ನೊಂದು ಕಾಗದ ತೆಗೆದರು. ಅದು ನಮ್ಮ ಮೇಲಿನ ದೂರು. ಕೊಟ್ಟವರು ಯಾರೆಂದು ಹೇಳುವ ಪದ್ಧತಿ ಇಲ್ಲವಂತೆ. ದಿನಾ ಬೆಳಿಗ್ಗೆ 6.20, ಕಲ್ಲು ಕೊರೆಯುವ ಯಂತ್ರ, ಮೂರು ನಿಮಿಷ. ನಿಲ್ಲುತ್ತದೆ. ಯಾರೋ ಚಮಚದಲ್ಲಿ ಟಕಟಕ ಕುಟ್ಟುತ್ತಾರೆ. ಮತ್ತೆ ಶುರು.

ಎಲ್ಲರೂ ಮಿಕ್ಸಿಯ ಕಡೆ ನೋಡಿದೆವು. ಅಮ್ಮನಿಗೆ ಇಂಗ್ಲಿಷ್ ಬಾರದು, ಅವಳೂ ನೋಡಿದಳು.

ಈಗ ನಮ್ಮ ಮನೆಯಲ್ಲಿ ಚಟ್ನಿ ಏಳು ಹೊಡೆದ ಮೇಲೆ. ನನ್ನ ರೈಲು 7.12ಕ್ಕೆ. ಬೆಂಗಳೂರಿನಿಂದ ಈ ಕಡೆ ಹೊರಟವರು ಯಾರಾದರೂ ಇದ್ದರೆ, ಪೆಟ್ಟಿಗೆಯಲ್ಲಿ ಜಾಗ ಉಳಿದಿದ್ದರೆ, ದಯವಿಟ್ಟು ಒಂದು ಪೊಟ್ಟಣ ಚಟ್ನಿಪುಡಿ ತಂದುಕೊಡಿ.